ವೀರೇಂದ್ರ ತರುತ್ತಿದ್ದ ಅಣಬೆ

ಮೊದಲ ಮಳೆ ಬಿದ್ದರೆ ಊರಿಗೆಲ್ಲ ಖುಷಿ, ನನಗೊಬ್ಬನಿಗೆ ಹೊಟ್ಟೆಯುರಿ. ಮಳೆಯಾದ ಮರುದಿನ ನನ್ನ ಹೆಂಡತಿ ಭಾಗ್ಯಶ್ರೀ ಬಾಗಿಲಲ್ಲಿ ನಿಂತು ಅದೇ ಮಾತು ಹೇಳುತ್ತಾಳೆ: "ಇಂಥಾ ಮಳಿ ಆತಂದ್ರ ನಮ್ಮ ವೀರೇಂದ್ರ ಟವೆಲ್‌ನ್ಯಾಗ ಅಣಬಿ ಕಟ್ಕೊಂಡು ಬರ್ತಿದ್ದ."

ವೀರೇಂದ್ರ ಎಂದರೆ ಸಂತೆಕಲ್ಲೂರಿನ ಅವಳ ಸೋದರಮಾವನ ಮಗ. ತೊಟ್ಟಿಲಲ್ಲಿದ್ದಾಗಲೇ ಅವಳನ್ನು ಅವನಿಗೆಂದು ಮಾತಾಡಿದ್ದರಂತೆ. ಹಿರಿಯರು ಮುನಿಸಿಕೊಂಡು ಮಾತು ಮುರಿದರು, ನನ್ನ ಪುಣ್ಯ. ಈಗ ಅವನಿಗೆ ಮಸ್ಕಿಯಲ್ಲಿ ಅಂಗಡಿಯಿದೆ, ಹೆಂಡತಿಯಿದ್ದಾಳೆ, ಬೊಜ್ಜೂ ಬಂದಿದೆ. ಆದರೂ ಮದುವೆಯಾದ ಆರು ವರ್ಷದಿಂದ ನಮ್ಮ ದಢೇಸುಗೂರಿನ ಮನೆಗೆ ಮಳೆಯ ಜೊತೆ ಅವನ ಹೆಸರೂ ಬರುತ್ತದೆ.

ಈ ಸಲ ಆ ಹೆಸರನ್ನು ಅವಳ ಬಾಯಿಂದ ಬಿಡಿಸಲೇಬೇಕೆಂದು ಹಟ ತೊಟ್ಟೆ. ಅವನು ತರುತ್ತಿದ್ದದ್ದಕ್ಕಿಂತ ರುಚಿಯಾದ ಅಣಬೆ ತಿಂದರೆ ತಾನೇ ಮರೆಯುತ್ತಾಳೆ ಎಂದುಕೊಂಡು ಬೆಳಿಗ್ಗೆಯೇ ಕಾಲುವೆ ದಂಡೆ, ಭತ್ತದ ಹುಲ್ಲಿನ ಬಣವೆ ಎಲ್ಲ ಸುತ್ತಿ ಒಂದು ಬುಟ್ಟಿ ತುಂಬಿಸಿದೆ. ಅಣಬೆ ಬಲ್ಲ ದಸ್ತಗೀರ್‌ಸಾಬರು ಒಂದೊಂದನ್ನೇ ತಿರುವಿ, ಮೂಸಿ ನೋಡಿದರು.

"ವಿಷ ಅಲ್ಲ ಶಿವಕಾಂತಪ್ಪ, ಬೇಫಿಕರ್ ತಿನ್ನು. ಹೊಟ್ಟಿಗೂ ಏನೂ ಆಗಂಗಿಲ್ಲ, ನಾಲಿಗಿಗೂ ಏನೂ ಆಗಂಗಿಲ್ಲ. ಇದನ್ನ ಯಾರೂ ಆರಿಸಂಗಿಲ್ಲ."

ಭಾಗ್ಯಶ್ರೀಯ ಕೈರುಚಿ ಇವರಿಗೇನು ಗೊತ್ತು ಎಂದು ಸಿಟ್ಟಿನಲ್ಲೇ ಮನೆಗೆ ಬಂದೆ.

ಬುಟ್ಟಿ ಕಂಡದ್ದೇ ಅವಳ ಮುಖ ಅರಳಿತು. "ಅಯ್ಯ, ಇವೇ ನೋಡ್ರಿ! ವೀರೇಂದ್ರ ತರ್ತಿದ್ದದ್ದು ಇವೇ!"

ಉಳ್ಳಾಗಡ್ಡಿ, ಖಾರ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದಳು. ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟೆ. ಖಾರದ ರುಚಿ ಸಿಕ್ಕಿತು, ಗುರೆಳ್ಳಿನದೂ ಸಿಕ್ಕಿತು. ಅಣಬೆ ಮಾತ್ರ ಒದ್ದೆ ಬಟ್ಟೆ ಅಗಿದಂತಿತ್ತು. ನನಗೆ ಒಳಗೊಳಗೇ ಹಿಗ್ಗು. ವೀರೇಂದ್ರನ ಬಂಡವಾಳ ಇಷ್ಟೇ!

"ಇದರಾಗ ಏನೈತಿ? ಬರೇ ಸಪ್ಪಗ" ಎಂದೆ.

"ಹೌದ್ರಿ, ಆವಾಗೂ ಹಿಂಗ ಸಪ್ಪಗ ಇರ್ತಿದ್ವು."

"ಮತ್ತ ಆರು ವರ್ಷದಿಂದ ಯಾಕ ಹೊಗಳಾಕತ್ತೀ?"

"ರುಚಿ ಇರ್ತಿದ್ವು ಅಂತ ನಾ ಯಾವಾಗ ಅಂದೀನ್ರಿ? ಅವ ತರ್ತಿದ್ದ ಅಂದೀನಿ."

ನೆನಪಿಸಿಕೊಂಡೆ. ನಿಜ, ಆರು ವರ್ಷದಲ್ಲಿ ಒಮ್ಮೆಯೂ ಅವಳು ರುಚಿಯ ಮಾತೆತ್ತಿರಲಿಲ್ಲ. ರುಚಿಯೇ ಆಗಿದ್ದರೆ ಪೈಪೋಟಿಗೆ ಇಳಿಯಬಹುದಿತ್ತು. ಇನ್ನು ಯಾವ ಬಣವೆ ಹುಡುಕಲಿ? ನಾನು ತಟ್ಟೆ ಸರಿಸಿದೆ. ಅವಳು ಆ ಸಪ್ಪೆ ಪಲ್ಯವನ್ನು ಇನ್ನೊಂದು ಸೌಟು ಬಡಿಸಿಕೊಂಡು, ನಿಧಾನವಾಗಿ ತಿಂದಳು.