ಉಡಿಯೊಳಗಿನ ನೋಟು

ಮರಳಿ ಎಂಬ ಹಳ್ಳಿಯ ಯುವಕ ತಿರುಪತಿಗೆ ಡಿಜಿಟಲ್ ರೂಪಾಯಿಯ ಹುಚ್ಚು ಹತ್ತಿ ಇನ್ನೂ ತಿಂಗಳಾಗಿರಲಿಲ್ಲ. ಅಷ್ಟರಲ್ಲೇ ಮನೆಯಲ್ಲಿದ್ದ ಕಾಗದದ ನೋಟನ್ನೆಲ್ಲ ಬ್ಯಾಂಕಿಗೆ ಕಟ್ಟಿ, ಫೋನಿಗೆ ಇಳಿಸಿಕೊಂಡಿದ್ದ. ತವರಿಗೆ ಬಂದಿದ್ದ ತಂಗಿ ಸುರೇಖಾಳ ಫೋನಿಗೂ ಆ್ಯಪ್ ಹಾಕಿಕೊಟ್ಟಿದ್ದ. ಆಕೆ ಕುಷ್ಟಗಿಯ ಗಂಡನ ಮನೆಗೆ ಹೊರಟ ಬೆಳಿಗ್ಗೆ, ಉಡಿ ತುಂಬಲು ಕೂತ ಅವ್ವ ಮಾರೆವ್ವನಿಗೆ ಅಕ್ಕಿ ಸಿಕ್ಕಿತು, ಕೊಬ್ಬರಿ ಬಟ್ಟಲು ಸಿಕ್ಕಿತು, ಕುಪ್ಪಸದ ಖಣ ಸಿಕ್ಕಿತು. ಮೇಲಿಡಲು ಒಂದು ನೋಟು ಮಾತ್ರ ಸಿಗಲಿಲ್ಲ.

“ಬಾಜೂ ಮನಿ ತಸ್ಲೀಮಾನ ಕಡೆ ನೂರು ರೂಪಾಯಿ ಇಸ್ಕೊಂಡ್ ಬರ್ತೀನಿ ತಡಿ.”

“ಕೂಡು ಬೇ! ಸುರೇಖಾನ ಫೋನಿಗೆ ಕಳಿಸಿಬಿಡ್ತೀನಿ.”

“ಉಡಿಯಾಗ ಬೀಳಬೇಕೋ, ಗಾಳ್ಯಾಗ ಹೋಗೂದಲ್ಲ. ಅದೇನ್ ಖರೇ ರೊಕ್ಕ ಹೌದೋ ಅಲ್ಲೋ?”

ತಿರುಪತಿಗೆ ಅವಮಾನವಾಯಿತು. “ರಿಸರ್ವ್ ಬ್ಯಾಂಕಿನೋರ ತೆಗೆದ ಖರೇ ನೋಟು ಬೇ! ಅಂಗಿ ಖಿಸೆದಾಗ ಇದ್ದಂಗ ಫೋನಿನಾಗ ಐತಿ.”

“ಗಾಂಧಿ ಅಜ್ಜ ಅದಾನೇನು?”

“ಅದಾನ, ನೋಡು.”

ಮಾರೆವ್ವ ಅಜ್ಜನ ಹಣೆಗೆ, ಅಂದರೆ ಫೋನಿನ ಗಾಜಿಗೆ, ಕುಂಕುಮ ಹಚ್ಚಿದಳು. “ಹಂಗಾರ ಹಾಕು ಉಡಿಗೆ.”

ಒಮ್ಮೆ ಹಾಕಿ ತೆಗೆದರಾಯಿತು ಎಂದುಕೊಂಡು ತಿರುಪತಿ ಫೋನನ್ನೇ ಹಾಕಿದ. ಸುರೇಖಾ ಸೆರಗು ಕೂಡಿಸಿ ಗಂಟು ಬಿಗಿದಳು. ಅವನು ಕೈ ಚಾಚಿದ್ದೇ ತಡ, ಮಾರೆವ್ವ ಪಟ್ಟನೆ ಹೊಡೆದಳು.

“ಉಡಿಗೆ ಬಿದ್ದದ್ದಕ್ಕ ಕೈ ಹಾಕ್ತಿ? ಅಕಿ ಗಂಡನ ಮನಿ ದೇವರ ಮುಂದನ ಬಿಚ್ಚಬೇಕು!”

ಫೋನಿನಲ್ಲಿ ಬೈಕಿನ ಹೊಸ ಟೈರಿಗೆಂದು ಕೂಡಿಟ್ಟ ಎರಡು ಸಾವಿರದ ಆರುನೂರು ಇತ್ತು. ಹೀಗಾಗಿ ಗಂಗಾವತಿಯಲ್ಲಿ ತಿರುಪತಿಯೂ ಉಡಿಯ ಹಿಂದೆಯೇ ಕುಷ್ಟಗಿ ಬಸ್ಸು ಹತ್ತಿದ.

ಕಂಡಕ್ಟರ್ ಬಂದ. “ಹೆಣ್ಮಕ್ಕಳದು ಫ್ರೀ. ನಿಮ್ದು ರೊಕ್ಕ ತೆಗೀರಿ.”

“ನಂದು... ಅಕಿ ಉಡಿಯಾಗ ಐತ್ರಿ.”

“ತೆಗಸ್ರಿ ಮತ್ತ.”

“ಕುಷ್ಟಗಿ ಬರೂತನಕ ತೆಗಿಯಂಗಿಲ್ರಿ.”

ಬಸ್ಸೆಲ್ಲ ತಿರುಗಿ ನೋಡಿತು. ಅದೇ ಹೊತ್ತಿಗೆ ಸುರೇಖಾಳ ಉಡಿಯೊಳಗೆ ಫೋನು ಗಂಟಲು ಹರಿಯುವಂತೆ ಕೂಗತೊಡಗಿತು. ಸುರೇಖಾ ನಗು ತಡೆದುಕೊಂಡು ಗಂಡನ ಮನೆಯಿಂದ ತಂದಿದ್ದ ನೋಟೊಂದನ್ನು ತನ್ನ ಚೀಲದಿಂದ ತೆಗೆದಳು. “ನಮ್ಮಣ್ಣಗ ಒಂದು ಟಿಕೆಟ್ ಕೊಡ್ರಿ. ಭಾಳ ಶ್ರೀಮಂತ ಅದಾನ, ರೊಕ್ಕ ಒಂದ ಇಲ್ಲ.”

ಕುಷ್ಟಗಿಯ ಮನೆಯಲ್ಲಿ ದೇವರ ಜಗಲಿಯ ಮುಂದೆ ಗಂಟು ಬಿಚ್ಚಿತು. ಚಾರ್ಜರ್ ಚುಚ್ಚುವ ತೂತಿನಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಸುರೇಖಾ ಅದನ್ನು ಸೂಜಿಯಿಂದ ತೆಗೆದು, ಕುಂಕುಮ ಒರೆಸಿ, ಫೋನು ಕೊಟ್ಟಳು.

“ತಗೋ ಅಣ್ಣಾ. ಫೋನು ನಿಂದು.”

ತಿರುಪತಿಗೆ ಹೋದ ಜೀವ ಬಂತು.

“ನೋಟು ನನ್ವು,” ಎಂದಳು ಸುರೇಖಾ.

“ಹೂಂ, ನೂರು ಕಳಿಸ್ತೀನಿ.”

“ನೂರ್ಯಾಕ? ಉಡಿಗೆ ಹಾಕಿದಾಗ ಎಷ್ಟಿದ್ವು?”

“ಏ, ಅವು ಟೈರಿನ ರೊಕ್ಕ!”

“ಖಿಸೆದಾಗ ಇದ್ದಂಗ ಅಂದಿ. ಖಿಸೆನ ಹಾಕಿಯಲ್ಲೋ ಉಡಿಗೆ!”

ಒಳಗಿನಿಂದ ಆಕೆಯ ಅತ್ತೆ ಕನಕಮ್ಮ ಬಂದು, “ತಂಗಿ ಉಡಿ ಮುಂದ ಚೌಕಾಸಿ ಮಾಡ್ತೀರೇನ್ರಿ?” ಎಂದು ಮೂಗಿನ ಮೇಲೆ ಬೆರಳಿಟ್ಟಳು. ತಿರುಪತಿ ಪಿನ್ ಒತ್ತಿದ. ಸುರೇಖಾಳ ಫೋನು ಟಿಣ್ ಎಂದಿತು.

ಊಟ ಮಾಡಿ ಹೊರಟ ಅಣ್ಣನ ಕೈಗೆ ಆಕೆ ನೂರರ ಮಾಸಿದ ನೋಟೊಂದನ್ನು ತುರುಕಿದಳು.

“ಬಸ್ಸಿಗೆ ಇಟ್ಕೋ. ಹಳೇ ಮಾಡೆಲ್ಲು. ಆದ್ರ ಕಂಡಕ್ಟರ್ ತಗೋತಾನ.”