ನೀಲಾವತಿ ಬರೆದುಕೊಟ್ಟ ನಕಾಶೆ

ಬ್ರೂಸ್‌ಪೇಟೆಯ ಮಾಳಿಗೆ ಮೇಲಿನ ಸಾಫ್ಟ್‌ವೇರ್ ಆಫೀಸಿಗೆ ನೀಲಾವತಿ ಕುರುಗೋಡಿನಿಂದ ಬಸ್ಸಿನಲ್ಲಿ ಓಡಾಡಲು ಹಿಡಿದು ಒಂಬತ್ತು ವರ್ಷ. ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಭತ್ತದ ಲಾರಿ ಕಾಟಾದ ಮೇಲೆ ನಿಂತರೆ ತೂಕದ ಚೀಟಿ ಬರುವುದು ಅವಳು ಬರೆದ ಸಾಫ್ಟ್‌ವೇರಿನಿಂದ. ಆಫೀಸಿನ ಮಾಲೀಕ ಸಿದ್ದಲಿಂಗೇಶ್ ಮಾತ್ರ ಹೋದಲ್ಲೆಲ್ಲ ‘ಎಲ್ಲಾ ನಾನೇ ಬರೆದದ್ದು’ ಎಂದು ಕೊಚ್ಚಿಕೊಳ್ಳುತ್ತಿದ್ದ. ಅದರ ಒಂದು ಸಾಲೂ ಅವನಿಗೆ ಓದಲು ಬಾರದು.

ಈಗ ಅವನು ಕೋಡ್ ಬರೆಯುವ ಎಐ ತರಿಸಿದ್ದ. ಅದು ಒಂದು ಕಡೆ ಸರಿಮಾಡಲು ಹೋಗಿ ನಾಲ್ಕು ಕಡೆ ಕೆಡಿಸಿತು. ಯಾವ ಫೈಲು ಯಾವುದಕ್ಕೆ ಅಂಟಿಕೊಂಡಿದೆ ಎಂಬುದು ನೀಲಾವತಿಯ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

“ಯಾವ ಫೈಲ್ ಏನ್ ಮಾಡ್ತೈತಿ, ಯಾಕ ಐತಿ, ಎಲ್ಲಾ ನಕಾಶೆ ಹಂಗ ಬರದಿಡು. ಮಷೀನ್ ಓದ್ಕೊಂತೈತಿ,” ಎಂದ ಸಿದ್ದಲಿಂಗೇಶ್. “ಮುಂದಿನ ತಿಂಗ್ಳಿಂದ ನೀ ಬರೋದು ಬ್ಯಾಡ.”

ಅವಳ ಮೈಯೆಲ್ಲ ಉರಿದುಹೋಯಿತು. ಸುಳ್ಳು ನಕಾಶೆ ಬರೆದು ಮಷೀನನ್ನು ದಾರಿ ತಪ್ಪಿಸಲೇ ಎಂದುಕೊಂಡಳು. ಆದರೆ ಸುಳ್ಳನ್ನು ಅವನು ಬೇರೆ ಯಾರಿಂದಲಾದರೂ ತಿದ್ದಿಸಿಯಾನು. ನಿಜವನ್ನು ಏನು ಮಾಡಿಯಾನು?

ವರ್ಷದ ಸರ್ವಿಸ್ ಕರಾರಿಗೆ ಸಹಿ ಹಾಕದ ಮಿಲ್ಲುಗಳಲ್ಲಿ ಚೀಟಿ ಇಪ್ಪತ್ತು ನಿಮಿಷ ತಡವಾಗಿ ಬರುವಂತೆ ಅವನು ಅವಳಿಂದಲೇ ಮಾಡಿಸಿದ್ದ. ಕೇಳಿದವರಿಗೆ ‘ನಿಮ್ಮ ಕಂಪ್ಯೂಟರ್ ಹಳೇದು’ ಎಂದು ತಿಪ್ಪೆ ಸಾರಿಸುತ್ತಿದ್ದ. ನೀಲಾವತಿ ಅದನ್ನೂ ಬರೆದಳು. ಹೇಳಿದವರು ಸಿದ್ದಲಿಂಗೇಶ್, ಮಾಡಿದವಳು ನೀಲಾವತಿ, ತಾರೀಖು ಸಮೇತ. ತನ್ನ ಹೆಸರು ಬಿಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲ.

ಕೋಡಿನ ಸಾಲುಗಳೇ ತುಂಬಿದ್ದ ಆ ನೂರು ಪುಟದ ಮೇಲೆ ಸಿದ್ದಲಿಂಗೇಶ್ ಕಣ್ಣಾಡಿಸಿ “ಛಲೋ ಐತಿ” ಎಂದು ಮಷೀನಿಗೆ ಹಾಕಿಸಿದ. ‘ನಾನೇ ಬರೆದದ್ದು’ ಎಂದವನು ತಿಳಿಯಲಿಲ್ಲ ಎನ್ನುವುದು ಹೇಗೆ?

ಮರುವಾರ ಸಿರುಗುಪ್ಪಕ್ಕೆ, ಇನ್ನೂ ಸಹಿ ಹಾಕದ ಮರಿಬಸಪ್ಪನ ಮಿಲ್ಲಿಗೆ, ಹೊಸ ಮಷೀನ್ ತೋರಿಸಲು ಹೊರಟ. ಲ್ಯಾಪ್‌ಟಾಪ್ ಹೊತ್ತು ನೀಲಾವತಿಯೂ ಹೋದಳು. ಮಿಲ್ಲಿನ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಹಮಾಲರು ನೆರಳಿನಲ್ಲಿ ಕೂತು ಬೈಯುತ್ತಿದ್ದರು.

“ಕನ್ನಡದಾಗ ಏನ್ ಬೇಕಾದ್ರೂ ಕೇಳ್ರಿ, ಹೇಳ್ತೈತಿ,” ಎಂದ ಸಿದ್ದಲಿಂಗೇಶ್.

ಮರಿಬಸಪ್ಪ ಲ್ಯಾಪ್‌ಟಾಪಿನತ್ತ ಬಗ್ಗಿದ. “ನಮ್ಮ ಕಾಟಾದ ಚೀಟಿ ಯಾಕ ಲೇಟ್ ಬರ್ತೈತಿ?”

ಸಿದ್ದಲಿಂಗೇಶ್ “ಅದಲ್ರೀ, ಬ್ಯಾರೆ ಕೇಳ್ರಿ” ಎನ್ನುವಷ್ಟರಲ್ಲಿ ಮಷೀನ್ ಮಾತಾಡತೊಡಗಿತ್ತು.

“ಇದು ದೋಷವಲ್ಲ. ಕರಾರಿಗೆ ಸಹಿ ಹಾಕದ ಮಿಲ್ಲುಗಳಿಗೆ ಬೇಕೆಂದೇ ಇಪ್ಪತ್ತು ನಿಮಿಷ ತಡ ಇಡಲಾಗಿದೆ. ಹೇಳಿದವರು ಸಿದ್ದಲಿಂಗೇಶ್. ಮಾಡಿದವರು ನೀಲಾವತಿ. ತೆಗೆದುಹಾಕಲೇ?”

“ತಗಿ,” ಎಂದ ಮರಿಬಸಪ್ಪ.

ನೀಲಾವತಿಯೇ ಕೀ ಒತ್ತಿದಳು. ಸ್ವಲ್ಪ ಹೊತ್ತಿಗೆ ಹೊರಗೆ ಲಾರಿಗಳು ಒಂದೊಂದಾಗಿ ಕದಲಿದವು. ಸಿದ್ದಲಿಂಗೇಶನ ಮುಖ ಸುಣ್ಣ ಬಳಿದಂತಾಗಿತ್ತು. ಅವಳು ಅದನ್ನು ಕಣ್ತುಂಬ ನೋಡಿದಳು.

“ಎದ್ದು ಹೋಗೋ ಲೇ,” ಎಂದ ಮರಿಬಸಪ್ಪ ಅವನಿಗೆ. ಆಮೇಲೆ ಇವಳತ್ತ ತಿರುಗಿದ. “ಮಾಡಿದ ಕೈ ನಿಂದ ಐತೆವ್ವ. ನೀನೂ ಹೋಗು. ಇನ್ನ ಈ ಊರಾಗ ಯಾವ ಮಿಲ್ಲಿಗೂ ಕಾಲಿಡಬ್ಯಾಡ.”

ಅದು ಅವಳಿಗೆ ನಾಟಿತು. ಬ್ಯಾಗು ಎತ್ತಿಕೊಂಡು ಹೊರಬಿದ್ದಳು. ಒಳಗೆ ಮರಿಬಸಪ್ಪ ಉಳಿದ ಮಿಲ್ಲಿನವರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ಸಿದ್ದಲಿಂಗೇಶನ ಹೆಸರು ಹೇಳುತ್ತಿದ್ದ. ಪ್ರತಿ ಫೋನಿನಲ್ಲೂ ಆ ಹೆಸರು ಕೇಳಿಸಲಿ ಎಂದು ಅವಳು ಮೆಟ್ಟಿಲನ್ನು ನಿಧಾನವಾಗಿ ಇಳಿದಳು.