ಕೀ ಒತ್ತುತ್ತಿದ್ದವಳು

"ಇನ್ನೊಂದ್ಸಲ ಒತ್ತು," ಎಂದ ಎಗ್ಗರ್ಟ್. ಅವನ ಬಲಗೈ ಮೊಣಕೈವರೆಗೂ ಪಿಯಾನೊದ ಹೊಟ್ಟೆಯೊಳಗಿತ್ತು. ಕರಿ ಕೋಟಿನ ತೋಳಿಗೆ ಧೂಳು ಮೆತ್ತಿತ್ತು.

ಮಗಳು ವೀಬ್ಕೆ ಒತ್ತಿದಳು. ಸ್ವರದ ಬಾಲಕ್ಕೆ ಅಂಟಿಕೊಂಡು ಏನೋ ಜುಯ್ ಎಂದಿತು, ಗಾಜಿನ ಲೋಟದೊಳಗೆ ನೊಣ ಸಿಕ್ಕಿಬಿದ್ದ ಹಾಗೆ. ಅವಳ ಬೆನ್ನ ಹಿಂದೆ, ಸ್ಮಶಾನದ ಆ ಪುಟ್ಟ ಚರ್ಚಿನ ನಡುವೆ, ತಾಯಿ ಗೆಸೀನೆಯ ಶವಪೆಟ್ಟಿಗೆ ಇತ್ತು. ಜನ ಆಗಲೇ ಹೊರಗೆ ಸೇರಿದ್ದರು.

"ಬಿಡಿ ಎಗ್ಗರ್ಟ್ ಅವರೇ, ಹಾಗೇ ನುಡಿಸ್ತೀನಿ," ಎಂದ ಚರ್ಚಿನ ವಾದಕ ಓವೆ. "ಯಾರಿಗೂ ಗೊತ್ತಾಗಲ್ಲ."

"ನನ್ನ ಹೆಂಡತಿ ಮಣ್ಣಿಗೆ ಹೋಗೋ ದಿನ ಪಿಯಾನೊ ಗೊರಕೆ ಹೊಡೀಬೇಕಾ? ಲೂಬೆಕ್ ಊರಿನ ಜನ ನನ್ನ ಏನಂದ್ಕೋತಾರೆ?"

ಅವನು ಪೆಡಲಿನ ಸರಳನ್ನು ಹಿಡಿದು ಮಗಳ ಮುಖ ನೋಡಿದ. ಸದ್ದು ಹಾಗೇ ಇತ್ತು. ಅವಳ ತಲೆ ತಾನಾಗಿ ಅಡ್ಡಡ್ಡ ಆಡಿತು. ಪುಸ್ತಕ ಇಡುವ ಹಲಗೆಯನ್ನು ಒತ್ತಿದ. ಅಲ್ಲ. ಮುಚ್ಚಳದ ಕೀಲಿನ ಮೇಲೆ ಹೆಬ್ಬೆರಳು ಊರಿದ. ಸದ್ದು ಕತ್ತರಿಸಿದಂತೆ ನಿಂತಿತು. ಅವಳ ತಲೆ ಹೌದೆನ್ನುವಂತೆ ಬಾಗಿತು.

"ಸಿಕ್ತು!"

"ಎಂಥಾ ಕಿವಿ ನಿಮ್ಮದು!" ಎಂದ ಓವೆ.

ಎಗ್ಗರ್ಟ್ ಕರವಸ್ತ್ರದಿಂದ ಕೈ ಒರೆಸಿಕೊಂಡು ನಕ್ಕ. ವೀಬ್ಕೆಯ ಬೆರಳು ಇನ್ನೂ ಕೀ ಮೇಲೇ ಇತ್ತು. ತಾನೀಗ ಏನು ಮಾಡಿದೆ ಎಂಬುದು ಅರಿವಾಗಿ ಅವಳ ಮೈ ಉರಿಯಿತು.

*

ಎಗ್ಗರ್ಟ್‌ಗೆ ಸಣ್ಣ ಸದ್ದುಗಳು ಕೇಳುವುದು ನಿಂತು ಎಷ್ಟೋ ವರ್ಷವಾಗಿತ್ತು. ಪಿಯಾನೊ ಶ್ರುತಿ ಮಾಡಿ ದುರಸ್ತಿ ಮಾಡುವುದೇ ಅವನ ಕಸುಬು; ಶ್ರುತಿಗೆ ಯಂತ್ರವಿತ್ತು. ಎಲ್ಲಿ ಏನು ಅದುರುತ್ತಿದೆ ಎಂದು ಹುಡುಕಲು ಗೆಸೀನೆ ಇದ್ದಳು. ಅವಳು ಕೀ ಒತ್ತುತ್ತಿದ್ದಳು, ಅವನು ಒಂದೊಂದೇ ಜಾಗ ಮುಟ್ಟುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ಮನೆಯ ಮೂವರ ಹೊರತು ಇದು ಯಾರಿಗೂ ಗೊತ್ತಿರಲಿಲ್ಲ.

ಹಿಂದೊಂದು ಸಂಜೆ, ಕಛೇರಿ ಶುರುವಾಗುವ ಮುಂಚೆ, ಸಂಗೀತ ಭವನದ ವ್ಯವಸ್ಥಾಪಕ ಕೇಳಿದ್ದ: "ಮೇಡಂಗೆ ಬೇಜಾರಾಗಲ್ವಾ, ಒಂದೇ ಕೀ ಒತ್ತಿ ಒತ್ತಿ?"

"ಅವಳಿಗೇನು," ಎಂದ ಎಗ್ಗರ್ಟ್. "ಕೂತು ಮಾಡೋ ಕೆಲಸ."

ಆಮೇಲೆ ಗೆಸೀನೆಯ ತಲೆ ಅಲುಗಲೇ ಇಲ್ಲ. ಅವನು ಇದ್ದಬದ್ದ ತಿರುಪುಗಳನ್ನೆಲ್ಲ ಬಿಗಿದ. ತಂತಿ ಬಡಿಯುವ ಸುತ್ತಿಗೆಗಳ ಸಾಲನ್ನೇ ಹೊರಗೆಳೆದು ಮತ್ತೆ ಕೂರಿಸಿದ. ಪಿಯಾನೊದಡಿ ತೆವಳಿದ. ಹೊರಗೆ ಶ್ರೋತೃಗಳ ಗದ್ದಲ ಏರುತ್ತಿತ್ತು. ಗೆಸೀನೆ ಒತ್ತುತ್ತಲೇ ಇದ್ದಳು, ಮುಖದಲ್ಲಿ ಒಂದು ಗೆರೆಯೂ ಇಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ವೀಬ್ಕೆಗೆ ನಗು ತಡೆಯುವುದೇ ಕಷ್ಟವಾಗಿತ್ತು.

"ಗೆಸೀನೆ," ಎಂದು ಕೊನೆಗೆ ಅವನು ಪಿಸುಗುಟ್ಟಿದ, "ಕೈ ಮುಗೀತೀನಿ."

ಗೆಸೀನೆ ಎದ್ದು ತಂತಿಗಳ ಕೆಳಗೆ ಬೆರಳು ತೂರಿಸಿ, ಹಲಗೆಯ ಮೇಲೆ ಬಿದ್ದು ಅದುರುತ್ತಿದ್ದ ಪೆನ್ಸಿಲ್ ತೆಗೆದು ಅವನ ಕಿವಿಗೆ ಸಿಕ್ಕಿಸಿದಳು. "ನಿಂದೇ," ಎಂದಳು.

ವ್ಯವಸ್ಥಾಪಕ ಒಳಗೆ ಬಂದವನು ಎಗ್ಗರ್ಟನ ಕೈ ಕುಲುಕಿದ.

*

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಕಾಫಿಗೆ ಕೂತರು. ಪಕ್ಕದ ಮನೆಯ ಥಾಮ್ಸೆನ್ ಅಜ್ಜಿ ಬೆಣ್ಣೆ ಕೇಕಿನ ಎರಡನೆಯ ತುಂಡಿಗೆ ಕೈ ಹಾಕಿದಳು. "ಪಾದ್ರಿ ಚೆನ್ನಾಗಿ ಹೇಳಿದ್ರು ಕಣೇ, ಗಂಡನ ನೆರಳಾಗಿ ಬಾಳಿದ್ಲು ಅಂತ. ನಿಮ್ಮಪ್ಪನ ಕಿವಿ ದೇವರು ಕೊಟ್ಟಿದ್ದು. ನಿಮ್ಮಮ್ಮ ಕೇಕ್ ಬೇಯಿಸ್ಕೊಂಡು ಆರಾಮಾಗಿದ್ಲು."

"ಅಮ್ಮನಿಗೆ ಕೇಕ್ ಮಾಡೋಕೆ ಬರ್ತಾನೇ ಇರ್ಲಿಲ್ಲ," ಎಂದಳು ವೀಬ್ಕೆ. ದನಿ ಏರಿತು. "ಆ ಕಿವಿ ಅಮ್ಮಂದು. ಅಪ್ಪ, ಹೇಳು ಇವರಿಗೆ."

ಚಮಚಗಳು ನಿಂತವು.

"ಇವತ್ತು ಬೇಡ ವೀಬ್ಕೆ," ಎಂದ ಎಗ್ಗರ್ಟ್.

"ಮತ್ತೆ ಯಾವತ್ತು? ಅವಳು ಇನ್ನೊಂದು ಸಲ ಸತ್ತಾಗಲಾ?"

ಅವನು ಅವಳ ತೋಳು ಹಿಡಿದು ಹೊರಗೆ ಕರೆತಂದು ಬಾಗಿಲೆಳೆದ.

"ಹೆಣ ಹೂತ ದಿನ ನನ್ನ ಮಾನ ತೆಗೀತೀಯಾ?"

"ಅವಳ ಪಾಲಿಂದು ಅವಳಿಗೆ ಕೊಡು ಅಂದೆ, ಅಷ್ಟೇ."

"ಹೋದವಳಿಗೆ ಏನು ಕೊಟ್ಟರೇನು? ನಿಂಗೆ ಕೊಡ್ತೀನಿ, ಕೇಳು. ಗುರುವಾರ ಸಂಗೀತ ಭವನಕ್ಕೆ ಹೋಗ್ಬೇಕು, ಮಂದ್ರದಲ್ಲಿ ಏನೋ ಅದುರ್ತಿದೆಯಂತೆ. ಬಾ, ನೀನು ಒತ್ತು, ನಾನು ಹುಡುಕ್ತೀನಿ. ಅಂಗಡಿ ಬೋರ್ಡಿನ ಮೇಲೆ ನಿನ್ನ ಹೆಸರೂ ಬರೆಸ್ತೀನಿ. ಮುಂದೆ ಎಲ್ಲಾ ನಿಂದೇ."

"ಈಗ ಒಳಗೆ ಹೋಗಿ ಹೇಳ್ತೀಯಾ?"

"ನನ್ನ ಕಷ್ಟ ಅರ್ಥ ಮಾಡ್ಕೋ ಮಗಾ. ನೀನಿಲ್ದೆ ನಂಗೆ ಏನೂ ಕೇಳ್ಸಲ್ಲ. ಗುರುವಾರ ಬರ್ತೀಯಲ್ಲ?"

"ಬರಲ್ಲ," ಎಂದಳು ವೀಬ್ಕೆ.